ಕೊಟ್ಟಿಗೆಹಾರಕ್ಕೆ ಮಾಡದ ಫೋನ್ ಕರೆ

‘ಅಪ್ಪ ಚಾರ್ಮಾಡಿ ಘಾಟಿ ಇಳಿದರೆಂದು ನೀವೇ ಬರೆದಿದ್ದೀರಲ್ಲ ಮೇಡಂ, ಎಲ್ಲಿದ್ದಾರೆ ಅವರು?’ ನಮ್ಮ ಇ-ಪೇಪರ್ ಓದಿ, ತಂದೆಯನ್ನು ಎದುರುಗೊಳ್ಳಲು ಬೆಳಿಗ್ಗೆಯಿಂದ ಉಜಿರೆಯಲ್ಲಿ ಮಳೆಗೆ ನಿಂತಿದ್ದ ಮಗಳು ಕೇಳಿದ ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಬೀದರ್‌ನಿಂದ ಧರ್ಮಸ್ಥಳಕ್ಕೆ ಒಬ್ಬರೇ ನಡೆದು ಹೊರಟಿದ್ದ ನಿವೃತ್ತ ಮೇಷ್ಟ್ರ ಯಾತ್ರೆಯನ್ನು ನಮ್ಮ ಚಿಕ್ಕಮಗಳೂರು ಪುಟದಲ್ಲಿ ದಿನವೂ ದಾಖಲಿಸೋಣವೆಂದು ಸೂಚಿಸಿದವಳು ನಾನೇ. ಪತ್ರಕರ್ತ ಪಾಲ್ ಸಲೋಪೆಕ್ 2013ರಲ್ಲಿ ಇಥಿಯೋಪಿಯಾದಿಂದ ಆರಂಭಿಸಿದ ನಡಿಗೆಯಲ್ಲಿ ಪ್ರತಿ 100 ಮೈಲಿಗೊಮ್ಮೆ ನಿಂತು, ನೆಲದ ಮತ್ತು ಆಕಾಶದ ಚಿತ್ರ ತೆಗೆದು, ಸಮೀಪದಲ್ಲಿ ಸಿಕ್ಕವರನ್ನು ನೀವು ಯಾರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳುವ ಕ್ರಮ ನನ್ನನ್ನು ಬಹಳ ಆಕರ್ಷಿಸಿತ್ತು. ಅದರಿಂದ ನಾನು ತೆಗೆದುಕೊಂಡದ್ದು ಚಿತ್ರಗಳನ್ನು ಮಾತ್ರ.

ಆ ದಿನ ಆರಿದ್ರಾ ಮಳೆ ಜೋರಾಗಿತ್ತು. ಮೇಷ್ಟ್ರು ಹಿಂದಿನ ದಿನ ಮೂಡಿಗೆರೆ, ಬಣಕಲ್ ದಾಟಿ ಘಾಟಿಯ ಮೇಲಿನ ಕೊಟ್ಟಿಗೆಹಾರ ಸೇರಿದ್ದರು. ಬೆಳಿಗ್ಗೆ ಘಾಟಿಯ ಆರಂಭದಲ್ಲೇ ಅವರ ಜಿಪಿಎಸ್ ಜಾಡು ನಿಂತುಹೋಗಿತ್ತು. ರಾತ್ರಿ 8.40ಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಬಂತು: ಮಂಜು, ತಡೆಗೋಡೆ, ಅದಕ್ಕೆ ಒರಗಿಸಿದ ಅವರ ಊರುಗೋಲು. ಪುಟ 9.15ಕ್ಕೆ ಬಿಡಬೇಕಿತ್ತು. ಎರಡು ಬಾರಿ ಕರೆ ಮಾಡಿದೆ, ಅವರು ತೆಗೆಯಲಿಲ್ಲ. ಚಿತ್ರ ಈಗ ಬಂದಿದೆಯೆಂದರೆ ನೆಟ್‌ವರ್ಕ್ ಸಿಕ್ಕಿದೆ, ನೆಟ್‌ವರ್ಕ್ ಸಿಕ್ಕಿದೆಯೆಂದರೆ ಘಾಟಿಯ ಕೆಳಗಿನ ಚಾರ್ಮಾಡಿಗೆ ಇಳಿದಿದ್ದಾರೆ ಎಂದು ತರ್ಕಿಸಿದೆ. ನೆಟ್‌ವರ್ಕ್ ಕೊಟ್ಟಿಗೆಹಾರದಲ್ಲೂ ಇದೆ ಎಂಬುದು ಆ ಅರ್ಧ ಗಂಟೆಯಲ್ಲಿ ಒಮ್ಮೆಯೂ ಹೊಳೆಯಲಿಲ್ಲ. ಅವರು ತಂಗಿದ್ದ ಹೋಟೆಲಿನ ಫೋನ್ ಸಂಖ್ಯೆ ನನ್ನ ಡೈರಿಯಲ್ಲೇ ಇತ್ತು. ಡೆಸ್ಕ್‌ನಿಂದ ‘ಲೀಡ್ ಏನಾಯಿತು?’ ಎಂದು ಮೂರನೇ ಸಲ ಕೇಳಿದಾಗ ‘ಘಾಟಿ ಇಳಿದ ಮೇಷ್ಟ್ರು’ ಎಂದು ಶೀರ್ಷಿಕೆ ಕೊಟ್ಟು ಕಳುಹಿಸಿದೆ.

ಚಿತ್ರ ತೆಗೆದದ್ದು ಬೆಳಿಗ್ಗೆ 6.30ಕ್ಕೆ. ಎರಡು ಕಿಲೋಮೀಟರ್ ಇಳಿಯುವಷ್ಟರಲ್ಲಿ ಇಂಬಳ ಕಚ್ಚಿದ ಕಾಲು ಊದಿಕೊಂಡು ಮೇಷ್ಟ್ರು ಹಿಂದಿರುಗಿದ್ದರು. ಬ್ಯಾಟರಿ ಮುಗಿದಿದ್ದ ಫೋನನ್ನು ರಾತ್ರಿ ಚಾರ್ಜಿಗೆ ಹಾಕಿ ಮಲಗಿದಾಗ ಚಿತ್ರ ತಾನಾಗಿ ಹೊರಟಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಬಂದದ್ದರಲ್ಲಿ ತೆಗೆದ ಸಮಯ, ಸ್ಥಳದ ವಿವರ ಉಳಿಯುವುದಿಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತದೆ. ಇದನ್ನು ಅವರಿಗೆ ಮೊದಲ ದಿನವೇ ಹೇಳಿಕೊಡಬೇಕಿತ್ತು. ಜಿಪಿಎಸ್‌ಗೆ ಸ್ಥಳ ಗುರುತಿಸಲು ನೆಟ್‌ವರ್ಕ್ ಬೇಡ, ಅದನ್ನು ನಮಗೆ ತಲುಪಿಸಲು ಬೇಕು. ಹಾಗಾಗಿ ನಿಂತ ಜಾಡು ನಡಿಗೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಪವರ್ ಬ್ಯಾಂಕ್ ಕೊಡಿಸಿ ಎಂದು ನಾನು ಕೇಳಿದ್ದಕ್ಕೆ ಆಡಳಿತದವರು ಬಜೆಟ್ ಇಲ್ಲವೆಂದಿದ್ದರು. ಆ ಬೇಸರ ಈಗಲೂ ಇದೆ. ಆದರೆ ಹೋಟೆಲಿಗೆ ಫೋನ್ ಮಾಡಲು ಬಜೆಟ್ ಬೇಕಿರಲಿಲ್ಲ.

ಮರುದಿನ ಕ್ಷಮೆ ಕೇಳಲು ಕೊಟ್ಟಿಗೆಹಾರಕ್ಕೆ ಹೋದಾಗ ಮೇಷ್ಟ್ರು ಬೈಯಲಿಲ್ಲ, ‘ಕೂತ್ಕೋ ತಾಯಿ’ ಎಂದು ತಮ್ಮ ಇನ್ನೂರು ಪುಟದ ನೋಟ್‌ಬುಕ್ ಮುಂದಿಟ್ಟರು. ಬೀದರ್ ಬಿಟ್ಟಂದಿನಿಂದ ಪ್ರತಿ ಸಂಜೆ ಬರೆಯುತ್ತಿದ್ದ ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಹಿಂದಿನ ದಿನದ ಪುಟದಲ್ಲಿ ಹೀಗಿತ್ತು: ‘ಕೊಟ್ಟಿಗೆಹಾರ. ಕಾಲು ಊತ. ನಡಿಗೆ ಇಲ್ಲ. ಹೋಟೆಲಿನವರು ಬಿಸಿನೀರು ಕಾಯಿಸಿ ಕೊಟ್ಟರು.’