ಫ್ರೇಮ್ ಇದೆ, ಆದರೂ ಇಲ್ಲ

ದೀಪಾವಳಿಗೆ ಯಾರೋ ಕಳಿಸಿದ ಫೋಟೊ ಫಾರ್ವರ್ಡ್ ಮಾಡೋದು ಬೇಡ, ಈ ಸಲ ನಾವೇ ಏನಾದರೂ ಮಾಡೋಣ ಎಂದು ಅಕ್ಕನ ಮಗಳು ಹಟ ಹಿಡಿದಳು. ಎಂಟನೇ ಕ್ಲಾಸು. ಏಳು ಹಣತೆ ಒಂದಾದ ಮೇಲೊಂದು ಹೊತ್ತಿಕೊಳ್ಳಬೇಕು, ಕುಡಿ ಅಲ್ಲಾಡುತ್ತಿರಬೇಕು. ಚಿತ್ರ ಬರೆಯಲು ಬ್ರೌಸರಿನ ಕ್ಯಾನ್ವಾಸ್, ಅದನ್ನು ಕುಣಿಸಲು ಒಂದಿಷ್ಟು ಜಾವಾಸ್ಕ್ರಿಪ್ಟ್ ಕೋಡ್. ಒಂದು ಸಂಜೆಯ ಕೆಲಸ ಅಂದುಕೊಂಡೆ.

"ವೇರಿಯಬಲ್ ಹೆಸರೆಲ್ಲ ಕನ್ನಡದಲ್ಲೇ ಇಡು ಮಾಮ" ಅಂದಳು. ಜಾವಾಸ್ಕ್ರಿಪ್ಟ್‌ನಲ್ಲಿ ಅದು ನಡೆಯುತ್ತದೆ. ಬೆಲೆಗಳನ್ನು ಇಟ್ಟುಕೊಳ್ಳುವ ಆ ಡಬ್ಬಿಗಳಿಗೆ ದೀಪ, ಬತ್ತಿ ಎಂದೆಲ್ಲ ಹೆಸರಿಟ್ಟೆ. ಎಷ್ಟನೇ ಚಿತ್ರ ಎಂದು ಎಣಿಸುವ ಫ್ರೇಮ್ ಅನ್ನೋದಕ್ಕೆ ಮಾತ್ರ ಕನ್ನಡ ಪದ ಹುಡುಕಲು ಸೋಮಾರಿತನ. ಕನ್ನಡ ಲಿಪಿಯಲ್ಲಿ ಹಾಗೇ ಬರೆದೆ.

ಮೊದಲ ಸಲ ತೆರೆದಾಗ ಬರೀ ಕಪ್ಪು ಪರದೆ. ಎರರ್ ತೋರಿಸಿದ್ದು ಫೈಲಿನ ಕೊನೆಯ ಸಾಲು, 84. ಅಲ್ಲೇನೂ ತಪ್ಪಿರಲಿಲ್ಲ. ಮುಚ್ಚದ ಬ್ರ್ಯಾಕೆಟ್ ಇದ್ದದ್ದು 31ರಲ್ಲಿ. ಮುಂದೆಲ್ಲಾದರೂ ಮುಚ್ಚುತ್ತಾರೆ ಎಂದು ಬ್ರೌಸರ್ ಪಾಪ ಕೊನೇತನಕ ಕಾದಿತ್ತು. ಅದು ಸರಿಯಾಯಿತು.

ಈಗ ಹಣತೆಗಳು ಬಂದವು, ಹೊತ್ತಲಿಲ್ಲ. ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್ ತೆರೆದರೆ ಒಂದೇ ಎರರ್. ಅದರ ಪಕ್ಕದ ಸಂಖ್ಯೆ ಮಾತ್ರ ಅರ್ಧ ಸೆಕೆಂಡಿಗೊಮ್ಮೆ ಏರುತ್ತಿದೆ. ಎರಡು, ಮೂರು, ನಾಲ್ಕು... ಏಳಕ್ಕೆ ನಿಂತಿತು. ದೀಪ ಹೊತ್ತಬೇಕಾದ ತಾಳದಲ್ಲೇ ಎರರ್ ಬಂದಿತ್ತು! ಅವಳಿಗೆ ನಗು ತಡೆಯಲಾಗಲಿಲ್ಲ.

ಕಾರಣ ಹಳೇದೇ. ಒಂದೇ ಕೆಲಸವನ್ನು ಏಳು ಸುತ್ತು ಮಾಡಿಸುವ ಲೂಪಿನ ಎಣಿಕೆಯನ್ನು 'ವಾರ್' ಹಾಕಿ ಬರೆದಿದ್ದೆ. ಹಾಗೆ ಬರೆದರೆ ಏಳು ಸುತ್ತಿಗೂ ಒಂದೇ ವೇರಿಯಬಲ್. ಟೈಮರ್ ಬಂದು ದೀಪ ಹಚ್ಚುವ ಹೊತ್ತಿಗೆ ಲೂಪ್ ಎಂದೋ ಮುಗಿದು ಅದರಲ್ಲಿ 7 ಕೂತಿರುತ್ತದೆ. ನಮ್ಮ ಹಣತೆಗಳೋ 0ಯಿಂದ 6ರವರೆಗೆ. ಇಲ್ಲದ ಎಂಟನೇ ಹಣತೆಯನ್ನು ಏಳು ಸಲ ಹಚ್ಚಲು ಹೋದಂತಾಯಿತು. 'ಲೆಟ್' ಹಾಕಿದರೆ ಸುತ್ತಿಗೊಂದು ಹೊಸ ವೇರಿಯಬಲ್ ಸಿಗುತ್ತದೆ. 2015ರಿಂದ ಭಾಷೆಯಲ್ಲಿದೆ. ನನ್ನ ಬೆರಳಿಗೆ ಮಾತ್ರ ಇನ್ನೂ ವಾರ್ ಚಟ.

ದೀಪ ಹೊತ್ತಿದವು. ಕುಡಿ ಅಲ್ಲಾಡಲಿಲ್ಲ. ಈ ಸಲ ಎರರೂ ಇಲ್ಲ, ಅದೇ ದೊಡ್ಡ ತಲೆನೋವು. ಮೇಲೆ ಫ್ರೇಮ್ ಸೊನ್ನೆ ಎಂದು ಬರೆದಿದ್ದೇನೆ. ಚಿತ್ರ ಬರೆಯುವ ಫಂಕ್ಷನ್ನಿನಲ್ಲಿ ಪ್ರತಿ ಸಲ ಒಂದು ಕೂಡಿಸುತ್ತಿದ್ದೇನೆ. ಪ್ರಿಂಟ್ ಮಾಡಿದರೆ ಸೊನ್ನೆ, ಸೊನ್ನೆ, ಸೊನ್ನೆ. ರಾತ್ರಿ ಊಟ ಆರಿತು. ಅಕ್ಕ ಎರಡು ಸಲ ಕರೆದು ಬೈದು ಹೋದಳು.

ಕೊನೆಗೆ ಫೈಲಿನ ತಲೆಗೆ ಸುಮ್ಮನೆ ಬಿಡುವ ಕೆಲವು ತಪ್ಪುಗಳನ್ನೂ ಹಿಡಿಯುವ ಸ್ಟ್ರಿಕ್ಟ್ ಮೋಡಿನ ಸಾಲು ಹಾಕಿದೆ. ತಕ್ಷಣ ಎರರ್: ಫ್ರೇಮ್ ಅನ್ನೋದೇ ಇಲ್ಲವಂತೆ. ಮೂರನೇ ಸಾಲಲ್ಲಿ ಕಣ್ಣೆದುರಿಗೇ ಇದೆಯಲ್ಲಪ್ಪ! ಎರಡು ಕಡೆಯ ಪದವನ್ನೂ ಕಾಪಿ ಮಾಡಿ ಕನ್ಸೋಲಿನಲ್ಲಿ ಉದ್ದ ಕೇಳಿದೆ. ಒತ್ತು, ಗುಣಿತದ ಗುರುತುಗಳನ್ನೂ ಎಣಿಸಿ ಒಂದಕ್ಕೆ 6 ಅಂದಿತು, ಇನ್ನೊಂದಕ್ಕೆ 7.

ಆಗ ಹೊಳೆಯಿತು. ಕೋಡಿನ ನಡುವೆ ನಮಗಾಗಿ ಬರೆದುಕೊಳ್ಳುವ ಟಿಪ್ಪಣಿ, ಅಂದರೆ ಕಾಮೆಂಟಿನಲ್ಲಿದ್ದ 'ಫ್ರೇಮ್‌ಗಳು' ಪದವನ್ನು ಕಾಪಿ ಮಾಡಿ, 'ಗಳು' ಅಳಿಸಿ, ಕೂಡಿಸುವ ಸಾಲಿನಲ್ಲಿ ಉತ್ತರ ಇಡುವ ಕಡೆ ಅಂಟಿಸಿದ್ದೆ. 'ಗ' ಒತ್ತಕ್ಷರವಾಗದಿರಲಿ ಎಂದು ನಾವು ನಡುವೆ ಹಾಕುತ್ತೇವಲ್ಲ, ಆ ಅಗಲವೇ ಇಲ್ಲದ ನಾನ್ ಜಾಯಿನರ್, ಅದು ಬಾಲಕ್ಕೆ ಅಂಟಿಕೊಂಡು ಉಳಿದಿತ್ತು. ಹೆಸರಿನೊಳಗೆ ಅದು ಇರಲು ಜಾವಾಸ್ಕ್ರಿಪ್ಟ್ ಬಿಡುತ್ತದೆ. ಹಾಗಾಗಿ ಅದಕ್ಕೆ ಇವೆರಡೂ ಬೇರೆ ಬೇರೆ ಹೆಸರು. ಘೋಷಿಸದ ಹೆಸರಿಗೆ ಬೆಲೆ ಕೊಟ್ಟರೆ, ಸ್ಟ್ರಿಕ್ಟ್ ಮೋಡ್ ಇಲ್ಲದಾಗ ಅದು ಸುಮ್ನೆ ಎಲ್ಲೆಡೆ ಸಿಗುವ ಹೊಸ ವೇರಿಯಬಲ್, ಅಂದರೆ ಒಂದು ಗ್ಲೋಬಲ್ ಹುಟ್ಟಿಸಿಬಿಡುತ್ತದೆ. ನಾನು ಕೂಡಿಸಿದ್ದೆಲ್ಲ ಆ ಅನಾಥ ಗ್ಲೋಬಲ್‌ಗೆ ಹೋಗುತ್ತಿತ್ತು. ನನ್ನ ಫ್ರೇಮ್ ಸೊನ್ನೆಯಲ್ಲೇ ಕೂತಿತ್ತು.

ಅವಳು ಲ್ಯಾಪ್‌ಟಾಪ್ ಎಳೆದುಕೊಂಡು ಎಲ್ಲ ಕಡೆ ಫ್ರೇಮ್ ಅಳಿಸಿ 'ಎಣಿಕೆ' ಎಂದು ಟೈಪ್ ಮಾಡಿದಳು. ಕುಡಿ ಅಲ್ಲಾಡಿತು.

"ಕನ್ನಡದಲ್ಲಿಡು ಅಂತ ಮೊದಲೇ ಹೇಳಿದ್ದೆ, ಅಲ್ವಾ ಮಾಮ?"