ಕುದುರೆಗೆ ಆನೆ ಕೊಟ್ಟ ದಿನ

ಮೈಸೂರಿನ ಒಂದು ಓಪನ್ ಚೆಸ್ ಟೂರ್ನಿ, ನಾಲ್ಕನೇ ಸುತ್ತು. ನನಗೆ ಕಪ್ಪು ಕಾಯಿ. ಎದುರಿಗೆ ಮಂಗಳೂರು ಕಡೆಯ 14 ವರ್ಷದ ಹುಡುಗ. ರೇಟಿಂಗ್ ನನಗಿಂತ 200 ಪಾಯಿಂಟ್ ಜಾಸ್ತಿ. ಅವನು ಇ4 ಆಡಿದ, ನಾನು ಸಿ5 (ಅಕ್ಷರ ಬೋರ್ಡಿನ ಉದ್ದ ಸಾಲಿಗೆ, ಅಂಕೆ ಅಡ್ಡ ಸಾಲಿಗೆ). ಐದನೇ ನಡೆಗೆ ಜಿ6. ಸಿಸಿಲಿಯನ್ ಡ್ರ್ಯಾಗನ್, ಕಪ್ಪಿನವರು ಆಟ ಶುರು ಮಾಡುವ ಒಂದು ರೀತಿ!

ಈ ಡಿಫೆನ್ಸ್ ಬಿಟ್ಟುಬಿಡು ಅಂತ ನನ್ನ ಗುರುಗಳು ಎಷ್ಟೋ ಸಲ ಹೇಳಿದ್ದರು. ಬಿಳಿಯವರು ಮಂತ್ರಿ ಕಡೆ ಕ್ಯಾಸಲಿಂಗ್ ಮಾಡಿ (ಒಂದೇ ನಡೆಯಲ್ಲಿ ರಾಜನನ್ನು ಬದಿಗೆ ಸರಿಸಿ, ಆನೆಯನ್ನು ಅವನ ಪಕ್ಕಕ್ಕೆ ತಂದು), ಎಚ್ ಸಾಲಿನ ಕಾಲಾಳನ್ನು ನುಗ್ಗಿಸುತ್ತಾರೆ. ಆ ಸಾಲು ತೆರೆಯಿತೋ, ಕಪ್ಪು ರಾಜನ ಕಥೆ ಮುಗಿಯಿತು. 1958ರಲ್ಲಿ ಯುಗೋಸ್ಲಾವಿಯಾದ ಪೋರ್ಟೊರೋಜ್‌ನಲ್ಲಿ ಅಮೆರಿಕದ ಫಿಶರ್ ಡೆನ್ಮಾರ್ಕಿನ ಲಾರ್ಸನ್‌ರನ್ನು ಕೆಡವಿದ್ದು ಹೀಗೇ. ನಾನೂ ಹೀಗೆ ಸೋತಿದ್ದೇನೆ. ಆದರೆ 1995ರ ನ್ಯೂಯಾರ್ಕ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಷ್ಯಾದ ಕಾಸ್ಪರೋವ್ ಇದನ್ನೇ ಆಡಿ ನಮ್ಮ ಆನಂದ್ ಅವರನ್ನು ಎರಡು ಸಲ ಸೋಲಿಸಿದ್ದರು. ಆ ಆಟಗಳನ್ನು ಬೋರ್ಡಿನ ಮೇಲೆ ಇಟ್ಟು ನೋಡುವಾಗ ಸಂಕಟವಾಗುತ್ತಿತ್ತು. ಡ್ರ್ಯಾಗನ್ ಮನಸ್ಸಿಗೆ ಹಿಡಿದದ್ದೂ ಆಗಲೇ.

12ನೇ ನಡೆಗೆ ಎಚ್4 ಬಂತು. ಎಚ್5 ಆಡಿ ತಡೆದೆ. ಹುಡುಗ ಥಟ್ಟನೆ ಒಂಟೆಯನ್ನು ಎಚ್6ಕ್ಕೆ ತಂದ. ನಾನು ಹೊಡೆದೆ, ಅವನ ಮಂತ್ರಿ ತಿರುಗಿ ಹೊಡೆಯಿತು. ನನ್ನ ರಾಜನ ಬಾಗಿಲಲ್ಲೇ ಅವನ ಮಂತ್ರಿ! ಆದರೆ ಡಿ2ರಲ್ಲಿ ನಿಂತು ಸಿ3ರ ಕುದುರೆಯನ್ನು ಕಾಯುತ್ತಿದ್ದದ್ದೂ ಅದೇ ಮಂತ್ರಿ.

ಈಗ ಬೆಲೆ ಹೆಚ್ಚಿನ ಆನೆ ಕೊಟ್ಟು ಆ ಕುದುರೆ ಹೊಡೆಯಬೇಕು. ಮನೆಯಲ್ಲಿ ಎಷ್ಟೋ ಸಲ ಆಡಿ ನೋಡಿದ ನಡೆ. ಆದರೂ ಕೈ ಏಳಲಿಲ್ಲ. ಕಾಯಿ ಮುಟ್ಟಿದರೆ ಆಡಲೇಬೇಕು, ಅಲ್ವಾ? ಗಡಿಯಾರದಲ್ಲಿ 22 ನಿಮಿಷ ಕರಗಿತು. ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು ಆನೆ ಎತ್ತಿದೆ. ಅವನು ಬಿ ಕಾಲಾಳಿನಿಂದ ಹೊಡೆದ. ಅವನ ರಾಜನ ಮುಂದಿನ ಗೋಡೆ ಒಡೆಯಿತು.

ನನ್ನ ಮಂತ್ರಿ ಎ5ಕ್ಕೆ ಹೋಯಿತು. ಅವನ ಮಂತ್ರಿ ಇ3ಕ್ಕೆ ಓಡಿ ಬಂತು. ಇನ್ನೊಂದು ಆನೆಯನ್ನು ಸಿ8ಕ್ಕೆ ತಂದೆ. ರಾಜ ಬಿ2ಕ್ಕೆ ಸರಿದ. ಆಗ ನನ್ನ ಕುದುರೆ ಸಿ4ಕ್ಕೆ ನೆಗೆಯಿತು. ಒಂದೇ ನೆಗೆತಕ್ಕೆ ರಾಜನಿಗೂ ಮಂತ್ರಿಗೂ ಪೆಟ್ಟು! ಅವನು ಉಳಿದ ಒಂದೇ ಒಂಟೆಯಿಂದ ಅದನ್ನು ಹೊಡೆಯಬೇಕಾಯಿತು. ಮುಂದೆ ಎರಡು ಗಂಟೆ ಎಳೆದಾಟ. ಕೊನೆಗೆ ಸಿ3ರ ಕಾಲಾಳು ಬಿತ್ತು, ಆಮೇಲೆ ಎ2. ಹುಡುಗ ಸೋಲೊಪ್ಪಿ ಕೈ ಚಾಚಿದ.

ಹೊರಗೆ ಕಾರಿಡಾರಿನಲ್ಲಿ ಅವನೇ ಬೋರ್ಡು ಹಾಸಿದ. "ಅಂಕಲ್, ಒಂಟೆ ಬದಲು ಮೊದಲು ರಾಜನನ್ನ ಬಿ1ಕ್ಕೆ ಇಟ್ಟಿದ್ರೆ?"

"ಆಗ ನಂಗೆ ಕಷ್ಟ ಇತ್ತು ಕಣೋ," ಅಂದೆ. ಇಬ್ಬರೂ ನೆಲದ ಮೇಲೆ ಕೂತು ಕಾಯಿಗಳನ್ನು ಮತ್ತೆ 12ನೇ ನಡೆಗೆ ಜೋಡಿಸಿದೆವು.