ತೆರಿಗೆ ಕದ್ದು ಜೈಲಿಗೆ ಹೋದವನನ್ನು ಯಾಕಿಷ್ಟು ಕೊಂಡಾಡುತ್ತೀರಿ?

ಕುದುರೆ ರೇಸಿನ ಬಗ್ಗೆ ಕನ್ನಡದಲ್ಲಿ ಬರೆಯುವವರನ್ನು ಜನ ಮೊದಲು ಕೇಳುವುದು "ನಾಳೆ ಯಾವ ಕುದುರೆ ಹೊಡೆಯುತ್ತೆ?" ಅಂತ. ಅದು ಗೊತ್ತಿದ್ದರೆ ನಾನು ಬರೆಯುತ್ತಾ ಕೂರುತ್ತಿರಲಿಲ್ಲ. ಇನ್ನೊಂದು ಪ್ರಶ್ನೆ ಲೆಸ್ಟರ್ ಪಿಗಟ್ ಬಗ್ಗೆ. 2022ರ ಮೇ 29ರಂದು, 86ನೇ ವಯಸ್ಸಿನಲ್ಲಿ, ಈ ಇಂಗ್ಲಿಷ್ ಜಾಕಿ ಜಿನೀವಾದಲ್ಲಿ ತೀರಿಕೊಂಡ. ಅವನನ್ನು ನೆನೆದು ಒಂದು ಸಾಲು ಬರೆದರೂ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ಲಾ ಸ್ವಾಮಿ, ತೆರಿಗೆ ಕದ್ದು ಜೈಲಿಗೆ ಹೋದವನಲ್ಲವಾ ಅವನು?"

ಹೌದು, ಹೋಗಿದ್ದ. ಮೂವತ್ತು ಲಕ್ಷ ಪೌಂಡಿಗೂ ಹೆಚ್ಚು ಆದಾಯ ಮುಚ್ಚಿಟ್ಟಿದ್ದಕ್ಕೆ 1987ರಲ್ಲಿ ಇಪ್ಸ್‌ವಿಚ್ ನ್ಯಾಯಾಲಯ ಮೂರು ವರ್ಷ ಶಿಕ್ಷೆ ಕೊಟ್ಟಿತು. 366 ದಿನ ಒಳಗಿದ್ದ. 1975ರಲ್ಲಿ ಕೊಟ್ಟಿದ್ದ ಓಬಿಇ ಎಂಬ ಬ್ರಿಟಿಷ್ ರಾಜಮನ್ನಣೆಯ ಬಿರುದನ್ನೂ ಸರ್ಕಾರ ವಾಪಸ್ ಕಿತ್ತುಕೊಂಡಿತು. ತಪ್ಪು ಮಾಡಿದ, ದಂಡ ತೆತ್ತ. ಇದರಲ್ಲಿ ನಾನು ಸಮರ್ಥಿಸಿಕೊಳ್ಳುವಂಥದ್ದು ಏನೂ ಇಲ್ಲ, ಹೆಚ್ಚು ಚರ್ಚಿಸುವಂಥದ್ದೂ ಇಲ್ಲ.

ನಿಜ ಹೇಳಬೇಕೆಂದರೆ, ಪಿಗಟ್ ವಿಷಯದಲ್ಲಿ ನನ್ನ ತಕರಾರು ತೆರಿಗೆಯದ್ದಲ್ಲ. ಇಂಗ್ಲೆಂಡಿನ ಹೆಸರಾಂತ ಕುದುರೆ ಓಟವಾದ ಎಪ್ಸಮ್ ಡರ್ಬಿಯದ್ದು, ಅದೂ 1972ರದ್ದು. ರಾಬರ್ಟೋ ಎಂಬ ಕುದುರೆಯನ್ನು ಓಡಿಸಬೇಕಿದ್ದವನು ಆಸ್ಟ್ರೇಲಿಯಾದ ಬಿಲ್ ವಿಲಿಯಮ್ಸನ್. ಕೆಲವು ದಿನಗಳ ಹಿಂದೆ ಕುದುರೆ ಮೇಲಿಂದ ಬಿದ್ದಿದ್ದ. ಡರ್ಬಿ ಹೊತ್ತಿಗೆ ಫಿಟ್ ಅಂತಲೂ ಆಗಿತ್ತು. ಆದರೂ ಮಾಲೀಕನಿಗೆ ಧೈರ್ಯ ಬರಲಿಲ್ಲ, ಸವಾರಿ ಪಿಗಟ್ ಪಾಲಾಯಿತು. ಕೊನೆಯ ಫರ್ಲಾಂಗಿನಲ್ಲಿ ರಾಬರ್ಟೋಗೂ ರೈನ್‌ಗೋಲ್ಡ್ ಎಂಬ ಇನ್ನೊಂದು ಕುದುರೆಗೂ ಮೈಗೆ ಮೈ ತಾಗುವಷ್ಟು ಪೈಪೋಟಿ. ಪಿಗಟ್ ಚಾಟಿ ಬೀಸಿದ ಬೀಸಿಗೆ ರಾಬರ್ಟೋ ಶಾರ್ಟ್ ಹೆಡ್ ಅಂತರದಲ್ಲಿ, ಅಂದರೆ ಕುದುರೆಯ ಒಂದು ತಲೆಯಳತೆಗೂ ಕಡಿಮೆಯಲ್ಲಿ, ಗೆದ್ದಿತು. ಡರ್ಬಿ ಗೆದ್ದವನಿಗೆ ಸಿಗಬೇಕಾದ ಚಪ್ಪಾಳೆ ಸಿಗಲಿಲ್ಲ. ಅದೇ ದಿನ ವಿಲಿಯಮ್ಸನ್ ಬೇರೆ ಎರಡು ರೇಸ್ ಗೆದ್ದಾಗ ಜನ ಎದ್ದು ಕೂಗಿದರು. ಮುಂದಿನದ್ದು ಇನ್ನೂ ಸ್ವಾರಸ್ಯ. ಆಗಸ್ಟಿನಲ್ಲಿ ಇಂಗ್ಲೆಂಡಿನ ಯಾರ್ಕ್‌ನ ಒಂದು ರೇಸಿನಲ್ಲಿ ಪಿಗಟ್ ಇದೇ ರಾಬರ್ಟೋವನ್ನು ಬಿಟ್ಟು ರೈನ್‌ಗೋಲ್ಡ್ ಹತ್ತಿದ. ರಾಬರ್ಟೋ ಬೇರೆ ಜಾಕಿಯ ಕೈಯಲ್ಲಿ ಓಡಿ, ಅಲ್ಲಿಯವರೆಗೆ ಸೋಲೇ ಕಾಣದ ಬ್ರಿಗೇಡಿಯರ್ ಜೆರಾರ್ಡ್ ಎಂಬ ಕುದುರೆಯನ್ನೂ ಸೋಲಿಸಿತು. ನನಗೆ ಒಳಗೊಳಗೇ ಖುಷಿ ಕೊಡುವ ಫಲಿತಾಂಶ ಅದು.

1979ರಲ್ಲಿ ಫ್ರಾನ್ಸಿನ ಡೋವಿಲ್‌ನಲ್ಲಂತೂ ರೇಸಿನ ನಡುವೆ ತನ್ನ ಚಾಟಿ ಜಾರಿ ಬಿದ್ದಾಗ, ಪಕ್ಕದಲ್ಲಿ ಓಡುತ್ತಿದ್ದ ಜಾಕಿಯ ಕೈಯಿಂದ ಚಾಟಿ ಕಿತ್ತುಕೊಂಡು ಬಾರಿಸಿದ! ಇಪ್ಪತ್ತು ದಿನ ಅಮಾನತಾಯಿತು. ಈ ಕಥೆಯನ್ನು ಜನ ನಗುತ್ತಾ ಹೇಳುತ್ತಾರೆ. ಚಾಟಿ ಕಳಕೊಂಡ ಆ ಜಾಕಿ ನಕ್ಕಿರಲಾರ.

ಹಾಗಾದರೆ ಯಾಕೆ ನೆನೆಯುವುದು? ಅವನ ಮೈ ನೋಡಿ. 5 ಅಡಿ 8 ಅಂಗುಲ, ಜಾಕಿಗಳ ನಡುವೆ ತಾಳೆಮರ. ಸಹಜವಾಗಿ ತಿಂದುಂಡಿದ್ದರೆ ಅರವತ್ತು ಕೆಜಿ ದಾಟಬೇಕಾದವನು ಸುಮಾರು 53 ಕೆಜಿಯಲ್ಲಿ ದಶಕಗಟ್ಟಲೆ ಸವಾರಿ ಮಾಡಿದ. ಕಾಫಿ, ಚುರುಟಿನ ಮೇಲೇ ದಿನ ದೂಡುತ್ತಾನೆ ಎಂಬ ಮಾತಿತ್ತು. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಮಾತು ತೊಡರುತ್ತಿತ್ತು. ಆ ಉದ್ದ ಕಾಲುಗಳಿಗೆ ಪಾದವಿಡುವ ರಿಕಾಪನ್ನು ಗಿಡ್ಡ ಮಾಡಿಕೊಂಡು, ಕುಂಡಿ ಮೇಲೆತ್ತಿ ಕೂತರೆ ನೋಡಲು ವಿಚಿತ್ರ. ಆದರೆ ಕುದುರೆ ಯಾವಾಗ ಉಸಿರು ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಅಂತ ಅವನಿಗೆ ಗೊತ್ತಿದ್ದಷ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹನ್ನೆರಡನೇ ವಯಸ್ಸಿಗೆ ಮೊದಲ ಗೆಲುವು, ಹದಿನೆಂಟಕ್ಕೆ ಮೊದಲ ಡರ್ಬಿ, ಒಟ್ಟು ಒಂಬತ್ತು ಡರ್ಬಿ. ಬ್ರಿಟನ್ನಿನಲ್ಲೇ 4,493 ಗೆಲುವು. ನಮ್ಮ ಬೆಂಗಳೂರು ಡರ್ಬಿ, ಮೈಸೂರು ಡರ್ಬಿಗಳಿಗೆಲ್ಲ ಹೆಸರು ಬಂದದ್ದು ಆ ಎಪ್ಸಮ್ ಓಟದಿಂದಲೇ.

ಜೈಲಿಂದ ಬಂದ ಮೇಲೆ 1990ರ ಅಕ್ಟೋಬರಿನಲ್ಲಿ, 54ನೇ ವಯಸ್ಸಿಗೆ, ಮತ್ತೆ ಕುದುರೆ ಹತ್ತಿದ. ಎರಡು ವಾರವೂ ಆಗಿರಲಿಲ್ಲ, ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ ರಾಯಲ್ ಅಕಾಡೆಮಿ ಎಂಬ ಕುದುರೆ ಮೇಲೆ ಹಿಂದಿನಿಂದ ಬಂದು ಬ್ರೀಡರ್ಸ್ ಕಪ್ ಮೈಲ್ ಎಂಬ ದೊಡ್ಡ ಓಟ ಗೆದ್ದ. ಐದು ವರ್ಷ ಸವಾರಿಯಿಂದ ನಿವೃತ್ತನಾಗಿದ್ದವನು!

ಹಸಿವು, ಹಠ, ದುಡ್ಡಿನಾಸೆ, ಬೇರೆಯವರ ಸವಾರಿ ಕಸಿದುಕೊಳ್ಳುವ ನಾಚಿಕೆಗೇಡಿತನ, ಎಲ್ಲ ಒಂದೇ ಮನುಷ್ಯನಲ್ಲಿದ್ದವು. ಕೆಟ್ಟದ್ದನ್ನು ಸೋಸಿ ತೆಗೆದು ಉಳಿದದ್ದಕ್ಕೆ ಹಾರ ಹಾಕಲು ನನಗೆ ಬರುವುದಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರಿಗೆ ನನ್ನ ಬರಹ ಹಿಡಿಸದು. ಕಳ್ಳನ ಹೆಸರೆತ್ತಬೇಡಿ ಎನ್ನುವವರಿಗೂ ಹಿಡಿಸದು. ಆತ ಹೋಗಿ ಒಂದು ವಾರಕ್ಕೆ ನಡೆದ ಡರ್ಬಿಯನ್ನು ಅವನ ನೆನಪಿಗೇ ಓಡಿಸಿದರು. ಓಬಿಇ ಮಾತ್ರ ವಾಪಸ್ ಬರಲಿಲ್ಲ. ಬರಬೇಕಿತ್ತು ಅಂತಲೂ ನನಗೆ ಅನ್ನಿಸಿಲ್ಲ.

ಹಳೆಯ ರೇಸುಗಳು ಯೂಟ್ಯೂಬಿನಲ್ಲಿವೆ. 1970ರಲ್ಲಿ ನಿಜಿನ್ಸ್ಕಿ ಎಂಬ ಕುದುರೆ ಏರಿ ಡರ್ಬಿ ಗೆದ್ದದ್ದನ್ನು ಎಲ್ಲರೂ ನೋಡುತ್ತಾರೆ. ರಾಬರ್ಟೋ ಓಡಿದ್ದನ್ನೂ ನೋಡಿ, ಆಮೇಲೆ ಜಗಳಕ್ಕೆ ಬನ್ನಿ.